ಕಾಂಟೆಸ್ಸಾ ಟ್ರ್ಯಾಕ್‌ಗೆ ಇಳಿಸುವುದು ಹೇಗೆ? ಬ್ರೇಕ್ ಮೊದಲು, ಎಂಜಿನ್ ಆಮೇಲೆ

ಹಳೇ ಕಾಂಟೆಸ್ಸಾ ಕಾರು ಕೈಗೆ ಸಿಕ್ಕವರು ಮೊದಲು ಕಾರ್ಬೊರೇಟರ್ ಬಿಚ್ಚುತ್ತಾರೆ, ಆಮೇಲೆ ಸೈಲೆನ್ಸರ್ ಕತ್ತರಿಸುತ್ತಾರೆ. ಬ್ರೇಕ್ ನೆನಪಾಗುವುದು ರೇಸ್ ಟ್ರ್ಯಾಕ್‌ನ ಮೂರನೇ ಸುತ್ತಿನಲ್ಲಿ, ಪೆಡಲ್ ನೆಲ ಮುಟ್ಟಿದಾಗ. ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಈ ಗಾಡಿ ಟನ್ನಿಗೂ ಮೀರಿದ ತೂಕದ್ದು, ಹಿಂದಿನ ಚಕ್ರ ಎಳೆಯುವಂಥದ್ದು. 1817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಇರುವ 'ಕ್ಲಾಸಿಕ್' ಸಿಕ್ಕರೆ ಅದನ್ನೇ ಹಿಡಿಯಿರಿ. 1489 ಸಿಸಿ ಎಂಜಿನ್ನಿನದು ಮೆರವಣಿಗೆಗೆ ಚೆಂದ, ಟ್ರ್ಯಾಕ್‌ಗೆ ಅಲ್ಲ.

ಹಂತ 1: ಕಾಗದ, ತಗಡು

ದಾವಣಗೆರೆಯ ಕೆಎ-17 ಇರಲಿ, ಚಿತ್ರದುರ್ಗದ ಕೆಎ-16 ಇರಲಿ, 15 ವರ್ಷ ದಾಟಿದ ಖಾಸಗಿ ಗಾಡಿಗೆ ಆರ್‌ಸಿ ನವೀಕರಣ ಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಹಿಂದಿನ ಮಾಲೀಕರು ಎಂಜಿನ್ ಬದಲಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡದೆ ದುಡ್ಡು ಕೊಡಬೇಡಿ. ಜಾಕಿ ಕೊಡುವ ಜಾಗ, ಕಾಲಡಿಯ ನೆಲ, ಸ್ಪ್ರಿಂಗ್ ಕೂರುವ ಬಟ್ಟಲು ಇಷ್ಟನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಚುಚ್ಚಿಕೊಂಡು ಒಳಗೆ ಹೋದರೆ ಟಿಂಕರಿಂಗ್ ಮುಗಿಯುವವರೆಗೆ ಬೇರೆ ಕೆಲಸಕ್ಕೆ ಕೈ ಹಾಕಬೇಡಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ ಗಾಡಿ ಹೊರಗಿನಿಂದ ಹೊಸದರಂತೆ ಹೊಳೆಯುತ್ತದೆ, ಆದ್ದರಿಂದ ಅಯಸ್ಕಾಂತ ಜೇಬಿನಲ್ಲಿರಲಿ. ಪುಟ್ಟಿ ದಪ್ಪಗಿರುವಲ್ಲಿ ಅದು ಹಿಡಿಯುವುದಿಲ್ಲ.

ಹಂತ 2: ಬ್ರೇಕ್

ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ.

ಗಾಡಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಾಲೋ ಬ್ಲಾಕ್ ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಮುನ್ಸೂಚನೆ ಕೊಡದೆ ಒಡೆಯುತ್ತದೆ, ಕೆಳಗೆ ಮಲಗಿರುವವರು ನೀವು. ಪೆಡಲ್ ಒತ್ತಿದಾಗ ಫ್ಲೂಯಿಡನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಪಿಸ್ಟನ್ ಹೊರತೆಗೆದು, ಅದು ಓಡಾಡುವ ಬೋರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಗೀರು ಉಗುರಿಗೆ ಸಿಕ್ಕರೆ ಹೊಸ ಕಿಟ್ ಹಾಕಿಯೂ ಪ್ರಯೋಜನವಿಲ್ಲ. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಗೀರು ಅಳಿಸಿದರೆ ಬೋರ್ ದೊಡ್ಡದಾಗಿ ರಬ್ಬರ್ ಅಂಚು ಸರಿಯಾಗಿ ಕೂರುವುದಿಲ್ಲ. ಸಿಲಿಂಡರ್ ಬದಲಿಸಿ, ಇಲ್ಲವೇ ಲೈನರ್ ಹಾಕಿಸಿ. ತೊಳೆಯುವುದು ಬ್ರೇಕ್ ಫ್ಲೂಯಿಡ್‌ನಲ್ಲಿ ಮಾತ್ರ. ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಒಂದು ಹನಿ ತಾಗಿದರೂ ರಬ್ಬರ್ ಉಬ್ಬುತ್ತದೆ.

ಚಕ್ರಕ್ಕೆ ಹೋಗುವ ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ, ನೋಡಲು ಚೆನ್ನಾಗಿದ್ದರೂ. ಇಪ್ಪತ್ತು ವರ್ಷದ ಹೋಸ್ ಒಳಗಿನಿಂದ ಊದಿಕೊಂಡಿರುತ್ತದೆ. ಒತ್ತಿದಾಗ ಫ್ಲೂಯಿಡ್ ಮುಂದೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಚಕ್ರ ಹಿಡಿದುಕೊಂಡೇ ಓಡುತ್ತದೆ.

ಡ್ರಮ್ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಡಿಸ್ಕ್ ಓಲಾಡುತ್ತಿದ್ದರೆ ಲೇತ್‌ಗೆ ಹಾಕಿಸಿ. ಆ ವಿಷಯದಲ್ಲಿ ನಮ್ಮ ದಾವಣಗೆರೆ ಸೀಮೆಯವರು ಅದೃಷ್ಟವಂತರು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸುತ್ತಿದ್ದುದೇ ಲೇತ್. ಕಾರ್ಖಾನೆ ಮುಚ್ಚಿದರೂ ಕೈ ಪಳಗಿದ ಟರ್ನರ್‌ಗಳಿಗೆ ಇಲ್ಲಿ ಬರವಿಲ್ಲ. ಡಿಸ್ಕ್‌ಗೆ ಡಯಲ್ ಗೇಜ್ ಇಟ್ಟಾಗ ಓಲಾಟ 0.1 ಮಿ.ಮೀ. ಮೀರಬಾರದು. ಕನಿಷ್ಠ ದಪ್ಪ ಡಿಸ್ಕ್ ಮೇಲೇ ಕೊರೆದಿದ್ದರೆ ಅದಕ್ಕಿಂತ ಒಂದು ಎಳೆಯೂ ಕಡಿಮೆ ತಿರುವಿಸಬೇಡಿ. ತೂತು ಕೊರೆದ 'ರೇಸಿಂಗ್' ಡಿಸ್ಕ್ ಬೇಡವೇ ಬೇಡ, ಬಿಸಿಗೆ ಆ ತೂತಿನಿಂದಲೇ ಬಿರುಕು ಹುಟ್ಟುತ್ತದೆ. ಕೆಂಪು ಬಣ್ಣ ಬಳಿದ, ಕಂಪನಿ ಹೆಸರಿಲ್ಲದ 'ಸ್ಪೋರ್ಟ್ಸ್' ಪ್ಯಾಡ್‌ಗಿಂತ ಹೆಸರಿರುವ ಕಂಪನಿಯ ಸಾದಾ ಪ್ಯಾಡ್ ಎಷ್ಟೋ ಮೇಲು.

ಫ್ಲೂಯಿಡ್ ಡಾಟ್ 4 ಹಾಕಿ. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ಗಾಳಿಯ ತೇವ ಕುಡಿದ ಮೇಲೆ ಅದು 155ರವರೆಗೂ ಇಳಿಯಬಹುದು. ಟ್ರ್ಯಾಕ್‌ನಲ್ಲಿ ಪೆಡಲ್ ಹತ್ತಿಯಂತಾಗುವುದು ಆ ನೀರು ಆವಿಯಾಗಿ ಗುಳ್ಳೆ ಕಟ್ಟುವುದರಿಂದ. ಗ್ಯಾರೇಜ್ ಕಪಾಟಿನಲ್ಲಿ ಅರ್ಧ ಉಳಿದ ಡಬ್ಬಿ ಎಂದರೆ ತೇವ ಕುಡಿದ ಡಬ್ಬಿ. ಸೀಲ್ ಒಡೆಯದ ಒಂದು ಲೀಟರ್ ತನ್ನಿ. ಡಾಟ್ 5 ಸಿಲಿಕೋನ್, ಬೇರೆಯೇ ಜಾತಿ. ಅದನ್ನು ಇದಕ್ಕೆ ಬೆರೆಸಬಾರದು.

ಬ್ರೇಕ್ ಪೈಪುಗಳಲ್ಲಿ ಸೇರಿದ ಏರ್ ತೆಗೆಯುವ ಮೊದಲು ಹಿಂದಿನ ಡ್ರಮ್ ಶೂಗಳನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ, ಸಣ್ಣಗೆ ಉಜ್ಜುವ ಸದ್ದು ಬರುವಷ್ಟು ಸಡಿಲಿಸಿ. ಇದನ್ನು ಬಿಟ್ಟವರೇ ಇಡೀ ದಿನ ಪಂಪ್ ಹೊಡೆದು 'ಏರ್ ಹೋಗ್ತಾನೇ ಇಲ್ಲ' ಎನ್ನುವುದು. ಅಲ್ಲಿ ಏರ್ ಇಲ್ಲ, ಶೂ ದೂರ ಇದೆ.

ಪೆಡಲ್ ಕೆಳಗೆ ಎರಡು ಇಂಚಿನ ಮರದ ತುಂಡು ಇಡಿ. ಹಳೇ ಸಿಲಿಂಡರಿನಲ್ಲಿ ಪಿಸ್ಟನ್ ಎಂದೂ ಹೋಗದ ಆಳದಲ್ಲಿ ತುಕ್ಕಿನ ಪದರ ಇರುತ್ತದೆ. ಪೂರ್ತಿ ಒತ್ತಿದರೆ ಹೊಸ ರಬ್ಬರ್ ಅದರ ಮೇಲೆ ಹಾದು ಹರಿಯುತ್ತದೆ. ಮಾಸ್ಟರ್‌ನಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಬಳಿ ಏರ್ ಹೊರಬಿಡಲು ಇರುವ ಸಣ್ಣ ಸ್ಕ್ರೂಗೆ, ಅಂದರೆ ನಿಪ್ಪಲ್‌ಗೆ, ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಫ್ಲೂಯಿಡ್‌ನಲ್ಲಿ ಮುಳುಗಿರಲಿ. ಕೆಳಗಿರುವವರು 'ಒತ್ತಪ್ಪ' ಎಂದಾಗ ಒತ್ತಬೇಕು. ನಿಪ್ಪಲ್ ಅರ್ಧ ಸುತ್ತು ತೆರೆದು, ಪೆಡಲ್ ಮರ ಮುಟ್ಟಿದಾಗ 'ಹಿಡ್ಕೊ' ಎಂದು ಮುಚ್ಚಬೇಕು. ಆಮೇಲಷ್ಟೇ 'ಬಿಡು'. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಹೊರಗೆ ಹೋದ ಗಾಳಿ ದಾರದ ಸಂದಿನಿಂದ ಮತ್ತೆ ಒಳಗೆ. ನಿಧಾನ ಬಿಡಿ, ಮೂರು ಎಣಿಸಿ, ಮತ್ತೆ ಒತ್ತಿ. ಆರು ಸಲಕ್ಕೊಮ್ಮೆ ಮೇಲಿನ ಡಬ್ಬಿ ನೋಡಿ, ಅದು ಖಾಲಿಯಾದರೆ ಕೆಲಸ ಮೊದಲಿನಿಂದ. ಫ್ಲೂಯಿಡ್ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ; ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಜೊತೆ ಪೇಂಟೂ ಬರುತ್ತದೆ.

ಮುಗಿದ ಮೇಲೆ ಪೆಡಲ್ ಮಾತಾಡುತ್ತದೆ, ಕೇಳಿಸಿಕೊಳ್ಳಿ. ಸ್ಪಂಜಿನಂತಿದ್ದರೆ ಏರ್ ಇದೆ. ಗಟ್ಟಿ ಇದ್ದು ತೀರಾ ಕೆಳಗಿದ್ದರೆ ಶೂ ಸಡಿಲ. ಗಟ್ಟಿಯಾಗಿ ನಿಂತು ಒಂದು ನಿಮಿಷದಲ್ಲಿ ಮೆಲ್ಲಗೆ ಇಳಿದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ರಬ್ಬರ್ ಒಳಗೇ ಬಿಡುತ್ತಿದೆ.

ಇನ್ನೊಂದಿದೆ, ಬಹುತೇಕ ಯಾರೂ ನೋಡದ್ದು. ಪೆಡಲ್‌ನ ಒತ್ತಡ ದಾಟಿಸುವ ಪುಶ್‌ರಾಡ್‌ಗೂ ಮಾಸ್ಟರ್ ಪಿಸ್ಟನ್‌ಗೂ ನಡುವೆ ಸುಮಾರು 1 ಮಿ.ಮೀ. ಸಂದು ಇರಬೇಕು. ಇಲ್ಲದಿದ್ದರೆ ಫ್ಲೂಯಿಡ್ ವಾಪಸಾಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಫ್ಲೂಯಿಡ್‌ಗೆ ದಾರಿಯಿಲ್ಲದೆ ಬ್ರೇಕ್ ತಾನೇ ಹಿಡಿಯುತ್ತದೆ; ಹಿಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಹಿಡಿತ. ಓಡಿಸಿ ಬಂದು ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಮಾಸ್ಟರ್ ಸಿಲಿಂಡರಿನ ನಟ್ ಎರಡು ಸುತ್ತು ಸಡಿಲಿಸಿ. ಈಗ ತಿರುಗಿತೇ? ತಪ್ಪು ಪುಶ್‌ರಾಡ್‌ನದು. ಇಲ್ಲವಾದರೆ ಆ ಚಕ್ರದ ನಿಪ್ಪಲ್ ತೆರೆಯಿರಿ. ಆಗ ತಿರುಗಿದರೆ ಹೋಸ್, ಆಗಲೂ ತಿರುಗದಿದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿಸ್ಟನ್ ಅಂಟಿದೆ.

ಹಂತ 3: ನೀರು

ನಮ್ಮ ಮೆಕ್ಯಾನಿಕ್‌ಗಳ ಅಚ್ಚುಮೆಚ್ಚಿನ ಉಪಾಯ, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಥರ್ಮೋಸ್ಟಾಟ್ ಕಿತ್ತೆಸೆಯುವುದು. ಏಪ್ರಿಲ್‌ನಲ್ಲಿ ದಾವಣಗೆರೆಯೇ ಮಂಡಕ್ಕಿ ಭಟ್ಟಿಯಂತಿರುವಾಗ ಅದು ಸರಿ ಅನ್ನಿಸಬಹುದು. ಆದರೆ ಎಂಜಿನ್ ಬೇಕಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ. ನಿಜವಾದ ಮದ್ದು ರೇಡಿಯೇಟರ್‌ಗೆ ಹೊಸ ತಾಮ್ರದ ಕೋರ್ ಹಾಕಿಸುವುದು, ಹೊಸ ಕ್ಯಾಪ್, ಅರ್ಧಕ್ಕರ್ಧ ಕೂಲೆಂಟ್. ಬೋರ್‌ವೆಲ್ ನೀರು ಬೇಡ, ಕೋರ್‌ನೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಆಗಲಿ.

ಹಂತ 4: ಎಂಜಿನ್, ಸಸ್ಪೆನ್ಶನ್

ಮೊದಲ ವರ್ಷ ಎಂಜಿನ್ ಇದ್ದ ಹಾಗೇ ಇರಲಿ. ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ನಾಲ್ಕರ ನಡುವೆ ವ್ಯತ್ಯಾಸ ಶೇ 10ರೊಳಗೆ ಇದ್ದರೆ ಸಾಕು. ಕಡಿಮೆ ಬಂದದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. 20ಡಬ್ಲ್ಯು-50 ಆಯಿಲ್ ಮೇಲಿನ ಗೆರೆಗೆ ಸರಿಯಾಗಿ ಇರಲಿ. ಕಡಿಮೆ ಇದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ಪಕ್ಕಕ್ಕೆ ಸರಿದು ಪಂಪ್ ಗಾಳಿ ಹೀರುತ್ತದೆ.

ಸಸ್ಪೆನ್ಶನ್ ರಬ್ಬರ್ ಬುಷ್ ಎಲ್ಲ ಹೊಸದು. ಬೋಲ್ಟ್‌ನ ಕೊನೆಯ ಬಿಗಿತ ಮಾತ್ರ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗ ಕೊಡಿ. ಎತ್ತಿದಾಗಲೇ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ತಿಂಗಳೊಳಗೆ ಹರಿಯುತ್ತದೆ. ಸ್ಪ್ರಿಂಗ್ ಸುತ್ತು ಕತ್ತರಿಸಿ ಗಾಡಿ ತಗ್ಗಿಸುವವರ ಹತ್ತಿರ ಹೋಗಲೇಬೇಡಿ.

ಹಂತ 5: ಜೀವ

2 ಕೆ.ಜಿ. ಬೆಂಕಿ ಆರಿಸುವ ಸಿಲಿಂಡರ್ ಚಾಲಕರ ಕೈಗೆಟುಕುವಂತೆ, ಲೋಹದ ಪಟ್ಟಿಯಲ್ಲಿ. ಆಕ್ಸಿಲರೇಟರ್‌ಗೆ ಎರಡು ರಿಟರ್ನ್ ಸ್ಪ್ರಿಂಗ್. ಸೀಟ್ ಬೆಲ್ಟ್‌ಗೆ ಹೊಸದಾಗಿ ತೂತು ಕೊರೆದರೆ ತಗಡಿನ ಹಿಂದೆ 3 ಮಿ.ಮೀ. ದಪ್ಪದ, 40 ಚದರ ಸೆಂ.ಮೀ.ಗೆ ಕಡಿಮೆಯಿಲ್ಲದ ಉಕ್ಕಿನ ಪಟ್ಟಿ; ಬರೀ ವಾಷರ್ ಹಾಕಿದರೆ ಅಪಘಾತದಲ್ಲಿ ಬೋಲ್ಟ್ ತಗಡು ಹರಿದು ಹೊರಬರುತ್ತದೆ.

ಹಂತ 6: ಟ್ರ್ಯಾಕ್ ದಿನ

ನಮಗೆ ಟ್ರ್ಯಾಕ್ ಎಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ (ಸುತ್ತು 3.7 ಕಿ.ಮೀ.), ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ (2.1 ಕಿ.ಮೀ.). ಎರಡೂ ದಾವಣಗೆರೆಯಿಂದ ಸುಮಾರು 600 ಕಿ.ಮೀ. ಹೊಸಬರು ಕರಿಯಿಂದಲೇ ಶುರು ಮಾಡಿ. ಸುತ್ತು ಚಿಕ್ಕದು, ಗಾಡಿಯಲ್ಲಿ ಏನಾದರೂ ಎಡವಟ್ಟಾದರೆ ಪಿಟ್ ಹತ್ತಿರ. ಓಡಿಸಿಕೊಂಡು ಹೋಗುವುದಕ್ಕಿಂತ ಲಾರಿ ಮೇಲೆ ಕಳಿಸುವುದು ಒಳ್ಳೆಯದು. ರೇಸ್‌ಗೆ ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಸ್ಪರ್ಧೆಯಿಲ್ಲದೆ ಸುಮ್ಮನೆ ಓಡಿಸುವ ಟ್ರ್ಯಾಕ್ ಡೇ ಆದರೆ ನಿಯಮವನ್ನು ಆಯೋಜಕರನ್ನು ಕೇಳಿಕೊಂಡೇ ಹೊರಡಿ.

ಹೊಸ ಪ್ಯಾಡ್ ಪಳಗಿಸುವುದು ಮೊದಲ ಸರದಿಯಲ್ಲಿ: 60ರಿಂದ 20 ಕಿ.ಮೀ. ವೇಗಕ್ಕೆ ಹತ್ತು ಸಲ ಇಳಿಸಿ, ಒಮ್ಮೆಯೂ ಪೂರ್ತಿ ನಿಲ್ಲಿಸದೆ. ಹೆದ್ದಾರಿ 48ರ ಮೇಲೆ ಇದನ್ನು ಮಾಡಬೇಡಿ, ಹಿಂದೆ ಲಾರಿ ಇರುತ್ತದೆ. ಆಮೇಲೆ ನಾಲ್ಕು ಸುತ್ತು ಜೋರಾಗಿ, ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ. ಪಿಟ್‌ಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ; ಕಾದ ಶೂ ಡ್ರಮ್‌ಗೆ ಅಂಟುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟೈರ್ ಗಾಳಿಯನ್ನು ಇಳಿದ ತಕ್ಷಣ ಅಳೆದು, ನಾಲ್ಕೂ ಚಕ್ರದ್ದು ಬರೆದಿಟ್ಟುಕೊಳ್ಳಿ.

ಊರಿಗೆ ಬಂದ ವಾರದಲ್ಲೇ ಮುಂದಿನ ನಿಪ್ಪಲ್‌ಗಳಿಂದ ಸ್ವಲ್ಪ ಫ್ಲೂಯಿಡ್ ಗಾಜಿನ ಲೋಟಕ್ಕೆ ಬಿಡಿ. ತೆಳು ಹಳದಿ ಇದ್ದರೆ ಹಾಗೇ ಇರಲಿ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ನಾಲ್ಕೂ ಚಕ್ರದ್ದು ತೆಗೆದು, ಮತ್ತೆ ಹಿಂದಿನ ಎಡದಿಂದ ಶುರು ಮಾಡಿ.