ಎರಡನೆಯ ಅರಿವಳಿಕೆಗೆ ಮುನ್ನ

ಹೊಟ್ಟೆ ಮತ್ತು ತೊಡೆಯ ಕೊಬ್ಬು ತೆಗೆಸಿಕೊಂಡು 22 ದಿನಗಳಷ್ಟೇ ಆಗಿದ್ದ 34 ವರ್ಷದ ಮಹಿಳೆಯೊಬ್ಬರು ಮೂಗು ತಿದ್ದಿಸಿಕೊಳ್ಳಲೆಂದು ಅರಿವಳಿಕೆ ತಪಾಸಣೆಗೆ ಬಂದಾಗ, ಮೊದಲು ಬಾಯಿ ಬಿಟ್ಟವರು ಜೊತೆಗಿದ್ದ ತಾಯಿ: “ಹಳೇ ಮದ್ದೇ ಇನ್ನೂ ಮೈಯಲ್ಲಿ ಇರಲ್ವಾ ಡಾಕ್ಟ್ರೇ?” 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಮೇಲೆ ಮನೆಯವರು ಇಂಥ ಪ್ರಶ್ನೆಗಳನ್ನು ಹೆಚ್ಚು ಕೇಳುತ್ತಾರೆ, ಕೇಳಲೂಬೇಕು.

ಇರುವುದಿಲ್ಲ ಎಂದೆ. ರಕ್ತನಾಳಕ್ಕೆ ಕೊಡುವ ಅರಿವಳಿಕೆ ಮದ್ದಾದ ಪ್ರೊಪೊಫಾಲ್ ಮಿದುಳಿನಿಂದ ಕೆಲವೇ ನಿಮಿಷಗಳಲ್ಲಿ ಉಳಿದ ಅಂಗಾಂಶಗಳಿಗೆ ಹಂಚಿಹೋಗಿ ನಂತರ ಯಕೃತ್ತಿನಲ್ಲಿ ಕರಗುತ್ತದೆ. ಆವಿಯಾಗಿ ಉಸಿರಿನಲ್ಲಿ ಕೊಡುವ ಸೆವೋಫ್ಲುರೇನ್ ಬಹುಪಾಲು ಬಂದ ಹಾಗೆಯೇ ಉಸಿರಿನಲ್ಲಿ ಹೊರಟುಹೋಗುತ್ತದೆ. ಎರಡು ಅರಿವಳಿಕೆಗಳ ನಡುವೆ ತಿಂಗಳುಗಟ್ಟಲೆ ಅಂತರವಿರಬೇಕೆಂಬ ಮಾತು ಹ್ಯಾಲೋಥೇನ್ ಎಂಬ ಹಳೆಯ ಅರಿವಳಿಕೆ ಆವಿಯ ಕಾಲದ್ದು. 1956ರಲ್ಲಿ ಬಳಕೆಗೆ ಬಂದ ಅದು ಸುಮಾರು ಐದನೇ ಒಂದು ಭಾಗದಷ್ಟು ಯಕೃತ್ತಿನಲ್ಲಿ ಒಡೆಯುತ್ತಿತ್ತು. ಬೇಗ ಬೇಗ ಮತ್ತೆ ಕೊಟ್ಟರೆ, ಅಪರೂಪಕ್ಕಾದರೂ, ಪ್ರಾಣಕ್ಕೆ ಎರವಾಗುವ ಕಾಮಾಲೆ ಬರುತ್ತಿತ್ತು.

ನನ್ನ ಚಿಂತೆಯಿದ್ದುದು ಮೊದಲ ಶಸ್ತ್ರಚಿಕಿತ್ಸೆ ಮೈಯಲ್ಲಿ ಏನನ್ನು ಬಿಟ್ಟುಹೋಗಿದೆ ಎಂಬುದರ ಬಗ್ಗೆ. ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ಕುರ್ಚಿಯಿಂದ ಎದ್ದು ನಿಲ್ಲುವಂತೆ ಹೇಳಿ ಮಣಿಕಟ್ಟು ಹಿಡಿದಾಗ ನಾಡಿ 84ರಿಂದ 112ಕ್ಕೆ ಏರಿತು. ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ 12.6 ಇದ್ದ ಹಿಮೋಗ್ಲೋಬಿನ್ ಈಗ 9.2 ಆಗಿತ್ತು. ಬಿಗಿಯುಡುಪಿನಡಿಯ ತೊಡೆ ಇನ್ನೂ ಊದಿತ್ತು, ನಡಿಗೆ ಮನೆಯೊಳಗಷ್ಟೇ ಇತ್ತು, ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವ ಗರ್ಭನಿರೋಧಕ ಮಾತ್ರೆಯೂ ನಡೆದಿತ್ತು. ಶಸ್ತ್ರಚಿಕಿತ್ಸೆಯಾದ ಎಷ್ಟೋ ವಾರಗಳವರೆಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಉಳಿದಿರುವಾಗ, ಅದರ ಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಹೇರುವುದು ನನಗೆ ಒಪ್ಪಿಗೆಯಾಗಲಿಲ್ಲ. ರಜೆ ಮುಗಿಯುತ್ತದೆಂದು ಅವರು ಮುಖ ಗಂಟಿಕ್ಕಿದರು. ಶಸ್ತ್ರಚಿಕಿತ್ಸಕರಿಗೂ ಬೇಸರವಾಯಿತು, ಆದರೆ ಹಿಮೋಗ್ಲೋಬಿನ್ ಸಂಖ್ಯೆ ನೋಡಿದ ಮೇಲೆ ವಾದಿಸಲಿಲ್ಲ.

ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದಲ್ಲಿ “ಜನರಲ್ ಅನಸ್ತೇಷಿಯಾ, ತೊಂದರೆಯಿಲ್ಲ” ಎಂಬ ಒಂದೇ ಸಾಲಿತ್ತು. ನಾನು ಹಟ ಹಿಡಿದು ಅರಿವಳಿಕೆ ದಾಖಲೆಯನ್ನು ತರಿಸಿಕೊಂಡಾಗ ಎರಡನೆಯ ಪ್ರಯತ್ನಕ್ಕೆ ಉಸಿರುನಳಿಕೆ ಹಾಕಿದ್ದು, ರಾತ್ರಿಯಿಡೀ ವಾಂತಿಯಾಗಿದ್ದು ತಿಳಿಯಿತು. ವಾಂತಿಯ ಬಗ್ಗೆ ಕೆದಕಿ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು: ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚಿಕೊಳ್ಳುತ್ತಿದ್ದರು. “ಅದು ತೂಕಕ್ಕೆ ಅಲ್ವಾ, ಮದ್ದು ಅಂತ ಅನ್ನಿಸಲಿಲ್ಲ” ಎಂದರು. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದರಿಂದ ರಾತ್ರಿಯಿಡೀ ಉಪವಾಸವಿದ್ದವರ ಹೊಟ್ಟೆಯಲ್ಲೂ ಆಹಾರ ಉಳಿದಿರಬಹುದು. ಪ್ರಜ್ಞೆಯಿಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಮುಂದಿನದು ತೀವ್ರ ನಿಗಾ ಘಟಕ. ಅಂದಿನಿಂದ ನಾನು “ಯಾವ ಮದ್ದು ತಗೋತೀರಿ?” ಎಂದು ಕೇಳಿ ಸುಮ್ಮನಾಗದೆ, “ತೂಕಕ್ಕೆ, ಕೂದಲಿಗೆ, ಚರ್ಮಕ್ಕೆ ಏನಾದರೂ?” ಎಂದೂ ಬಿಡಿಬಿಡಿಯಾಗಿ ಕೇಳುತ್ತೇನೆ.

ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟೆವು. ಸ್ತ್ರೀರೋಗ ತಜ್ಞೆಯ ಸಲಹೆಯಂತೆ ಮಾತ್ರೆ ಬದಲಾಯಿತು, ಚುಚ್ಚುಮದ್ದೂ ನಿಂತಿತು. ಹನ್ನೊಂದನೆಯ ವಾರದಲ್ಲಿ ಹಿಮೋಗ್ಲೋಬಿನ್ 12.1 ತಲುಪಿತು, ದಿನವೂ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದರು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆ ಖಾಲಿಯಿರುವುದನ್ನು ನೋಡಿಕೊಂಡ ಮೇಲೆಯೇ ಆರಂಭಿಸಿದೆ. ವಾಂತಿಯ ಇತಿಹಾಸವಿದ್ದುದರಿಂದ ಆವಿಯ ಅರಿವಳಿಕೆಯನ್ನು ಬಿಟ್ಟು ಪೂರ್ತಿ ಪ್ರೊಪೊಫಾಲ್‌ನಲ್ಲೇ ನಡೆಸಿ, ಜೊತೆಗೆ ವಾಂತಿ ತಡೆಯಲು ಡೆಕ್ಸಾಮೆಥಾಸೋನ್ ಮತ್ತು ಒಂಡಾನ್‌ಸೆಟ್ರಾನ್ ಕೊಟ್ಟೆ. ನಳಿಕೆ ಹಾಕುವಾಗ ಗಂಟಲೊಳಗನ್ನು ಪರದೆಯ ಮೇಲೆ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪ್ ಕೈಗೆಟುಕುವಲ್ಲಿತ್ತು. ನಳಿಕೆ ಮೊದಲ ಪ್ರಯತ್ನಕ್ಕೇ ಹೋಯಿತು. ಮೂಗಿನ ರಕ್ತ ಹೊಟ್ಟೆಗಿಳಿಯದಂತೆ ಗಂಟಲಲ್ಲಿ ಬಟ್ಟೆ ಇಟ್ಟಿದ್ದನ್ನು ಮರೆಯದಂತೆ ಹಲಗೆಯ ಮೇಲೆ ಬರೆಸಿ, ಎಚ್ಚರಿಸುವ ಮುನ್ನ ಅದನ್ನು ತೆಗೆದುದನ್ನು ನರ್ಸ್ ಜೋರಾಗಿ ಹೇಳುವವರೆಗೆ ಕಾದೆ. ಅದು ಒಳಗೇ ಉಳಿದರೆ ಉಸಿರೇ ಕಟ್ಟುತ್ತದೆ.

ಎಚ್ಚರಾದಾಗ ಅವರ ಕೈ ನೇರವಾಗಿ ಮೂಗಿನತ್ತ ಹೋಯಿತು. ಮೂಗು ಕಟ್ಟಿರುತ್ತದೆ, ಬಾಯಲ್ಲಿ ಉಸಿರಾಡಬೇಕು ಎಂದು ಹಿಂದಿನ ದಿನ ಎರಡು ಸಲ ಅಭ್ಯಾಸ ಮಾಡಿಸಿದ್ದು ನೆನಪಾಯಿತೇನೋ, ಕೈ ಇಳಿಸಿ ಬಾಯಿ ತೆರೆದರು. ಸಂಜೆ ಅರಿವಳಿಕೆ ದಾಖಲೆಯ ನಕಲನ್ನು, ನಳಿಕೆಯ ಅಳತೆ ಸಮೇತ, ತಾಯಿಯ ಕೈಗೆ ಕೊಟ್ಟೆ. “ಇನ್ನೊಂದಕ್ಕಾ?” ಎಂದು ಅವರು ಗಾಬರಿಯಾದರು. ಯಾವತ್ತಾದರೂ, ಯಾವ ಊರಲ್ಲಾದರೂ ಬೇಕಾಗಬಹುದು ಎಂದೆ.