ಆರು ನಿಮಿಷದ ವಿಡಿಯೊ, ಇಪ್ಪತ್ತು ನಿಮಿಷದ ಪಾಠ

40 ನಿಮಿಷದ ಪಿರಿಯಡ್ಡಿಗೆ 6 ನಿಮಿಷದ ವಿಡಿಯೊ ಸಾಕು. ನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಹಿಂದಕ್ಕೆ ಹೋಗಿ ಮತ್ತೆ ತೋರಿಸುವಷ್ಟರಲ್ಲಿ ಅದೇ 20 ನಿಮಿಷ ನುಂಗುತ್ತದೆ. 15 ನಿಮಿಷದ್ದನ್ನು ಒಂದೇ ಉಸಿರಿಗೆ ಓಡಿಸಿದರೆ ಮಕ್ಕಳು ಗಲಾಟೆ ಮಾಡದೆ ಕೂರುತ್ತಾರೆ ನಿಜ. ಗಲಾಟೆ ಇಲ್ಲ ಅಂದಮಾತ್ರಕ್ಕೆ ಪಾಠ ತಲೆಗೆ ಹೋಯಿತು ಅಂದುಕೊಂಡರೆ ಮಾರನೇ ದಿನ ಗೊತ್ತಾಗುತ್ತದೆ.

ಹಿಂದಿನ ದಿನ ವಿಡಿಯೊವನ್ನು ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ; ಎರಡನೇ ಸಲ ಕೈಯಲ್ಲಿ ಪೆನ್ನು ಹಿಡಿದು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಿಮಿಷ–ಸೆಕೆಂಡಿನ ಸಮೇತ ಬರೆದುಕೊಳ್ಳಿ. ಮೂರು ಕಡೆ ನಿಲ್ಲಿಸಿದರೆ ಸಾಕು, ಐದಾದರೆ ಮಕ್ಕಳಿಗೆ ಎಳೆ ತಪ್ಪುತ್ತದೆ. ಪರಿಚಯದ ಸಂಗೀತ, ‘ಲೈಕ್ ಮಾಡಿ, ಶೇರ್ ಮಾಡಿ’ ಎಲ್ಲ ಬಿಟ್ಟು ಪಾಠ ಶುರುವಾಗುವ ಜಾಗದಿಂದಲೇ ಹಾಕಿ.

ಮಂಡ್ಯದ ಪ್ರೌಢಶಾಲೆಯಲ್ಲಿ ಜಲವಿದ್ಯುತ್ ಪಾಠ ಅಂದುಕೊಳ್ಳಿ. ಶುರು ಮಾಡುವ ಮುಂಚೆ ಬೋರ್ಡಿನ ಮೇಲೆ ‘ಪ್ರಚ್ಛನ್ನ ಶಕ್ತಿ’, ‘ಚಲನ ಶಕ್ತಿ’ ಎಂದು ಬರೆದು, ಪಕ್ಕದಲ್ಲಿ ವಿಡಿಯೊದವರು ಹೇಳುವ ‘ಪೊಟೆನ್ಷಿಯಲ್’, ‘ಕೈನೆಟಿಕ್’ ಪದಗಳನ್ನೂ ಬರೆಯಿರಿ. ಇದನ್ನು ಬಿಟ್ಟರೆ ಪುಸ್ತಕದ ಕನ್ನಡ ಪದ, ವಿಡಿಯೊದ ಇಂಗ್ಲಿಷ್ ಪದ ಎರಡೂ ಒಂದೇ ಅಂತ ಮಕ್ಕಳಿಗೆ ಹೊಳೆಯುವುದೇ ಇಲ್ಲ. ಯಂತ್ರ ಅನುವಾದಿಸಿದ ಕನ್ನಡ ಸಬ್‌ಟೈಟಲ್ ನಂಬಬೇಡಿ, ಪಾರಿಭಾಷಿಕ ಪದ ಬಂದ ಕಡೆಯೇ ಅದು ಎಡವುತ್ತದೆ. ಇಂಗ್ಲಿಷಿನವರು ಗಡಿಬಿಡಿಯಲ್ಲಿ ಮಾತಾಡುತ್ತಿದ್ದರೆ ವೇಗವನ್ನು 0.75ಕ್ಕೆ ಇಳಿಸಿ.

ಮೊದಲ ನಿಲುಗಡೆ: ನೀರು ಪೈಪಿಗೆ ಇಳಿಯುವ ಹೊತ್ತಿಗೆ. ಮುಂದೇನಾಗುತ್ತದೆ ಅಂತ ಎಲ್ಲರೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಲಿ. ಬಾಯಲ್ಲಿ ಕೇಳಿದರೆ ಮುಂದಿನ ಬೆಂಚಿನ ಅದೇ ಮೂವರು ಕೈ ಎತ್ತುತ್ತಾರೆ. ಎರಡನೆಯದು ಟರ್ಬೈನ್ ತಿರುಗುವಾಗ: 10 ಸೆಕೆಂಡು ಹಿಂದಕ್ಕೆ ಹೋಗಿ, ಸೌಂಡ್ ಪೂರ್ತಿ ತೆಗೆದು, ಇಬ್ಬರು ಮಕ್ಕಳಿಂದ ಕಾಮೆಂಟರಿ ಹೇಳಿಸಿ. ಯಾರಿಗೆ ಎಲ್ಲಿ ತಪ್ಪಿದೆ ಎಂದು ಇಷ್ಟು ಬೇಗ ತೋರಿಸಿಕೊಡುವ ಉಪಾಯ ಇನ್ನೊಂದಿಲ್ಲ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದಿದ್ದರೆ ಜೆ ಕೀ 10 ಸೆಕೆಂಡು ಹಿಂದಕ್ಕೆ, ಎಲ್ ಮುಂದಕ್ಕೆ, ಕೆ ಒತ್ತಿದರೆ ನಿಲುಗಡೆ. ಮೌಸ್ ಹುಡುಕುತ್ತಾ ನಿಂತರೆ ಕ್ಲಾಸು ಕೈ ತಪ್ಪುತ್ತದೆ.

ಮೂರನೆಯದಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಇಂಥ ಅನಿಮೇಷನ್ನುಗಳಲ್ಲಿ ಸಾಮಾನ್ಯವಾಗಿ ಒಂದು ಎತ್ತರದ ಅಣೆಕಟ್ಟು, ಅದರ ಬುಡದಲ್ಲೇ ವಿದ್ಯುದಾಗಾರ ಇರುತ್ತದೆ. ಅದನ್ನು ನೋಡಿದ ಮಗು, ಕನ್ನಂಬಾಡಿ ಕಟ್ಟೆ ಇದ್ದದ್ದಕ್ಕೇ ಶಿವನಸಮುದ್ರದಲ್ಲಿ ಕರೆಂಟು ಬಂತು ಎಂದು ತಿಳಿಯುತ್ತದೆ. ಆದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿ ಜಲಪಾತದ ಮೇಲ್ಗಡೆಯೇ ಹೊಳೆಯ ನೀರನ್ನು ನಾಲೆಗೆ ತಿರುಗಿಸಿ, ಪೈಪಿನಲ್ಲಿ ಕೆಳಕ್ಕೆ ಬಿಡುತ್ತಾರೆ. ‘ಕಟ್ಟೆಯೇ ಇಲ್ಲದಾಗ ಟರ್ಬೈನ್ ತಿರುಗಿದ್ದು ಹೇಗೆ? ಹಾಗಾದರೆ ಆಮೇಲೆ ಕಟ್ಟೆ ಯಾಕೆ ಬೇಕಾಯಿತು?’ ಎಂದು ಕೇಳಿ. ಬೇಕಾದ್ದು ಎತ್ತರದಿಂದ ಬೀಳುವ ನೀರು ಅನ್ನುವುದು ಮೊದಲ ಉತ್ತರ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗಲೂ ಶಿವನಸಮುದ್ರಕ್ಕೆ ನೀರು ತಪ್ಪಬಾರದು, ಗದ್ದೆಗೂ ನೀರು ಬೇಕು ಅನ್ನುವುದು ಎರಡನೆಯದು. ನಾಲೆಯ ಬದುವಿನ ಮೇಲೆ ನಡೆದು ಶಾಲೆಗೆ ಬರುವ ಮಕ್ಕಳು ಇದನ್ನು ತಾವೇ ಹೇಳುತ್ತಾರೆ, ನೀವು ಬಾಯಿ ಬಿಗಿಹಿಡಿದು ಕಾದರೆ.

ಇನ್ನು ಸಾಮಾನು. 43 ಇಂಚಿನ ಟಿವಿಯ ಚಿತ್ರದ ಎತ್ತರ ಸುಮಾರು 21 ಇಂಚು. ಅಕ್ಷರ ಓದಬೇಕಾದರೆ ಅದರ ಆರು ಪಟ್ಟು ದೂರ ಮೀರಬಾರದು, ಅಂದರೆ ಹತ್ತೂವರೆ ಅಡಿ. ಹಿಂದಿನ ಬೆಂಚು 18 ಅಡಿ ದೂರದಲ್ಲಿದ್ದರೆ ಬೆಂಚು ಸರಿಸಿ, ಅಥವಾ ಮಕ್ಕಳನ್ನು ಮುಂದೆ ಜಮಖಾನದ ಮೇಲೆ ಕೂರಿಸಿ. ಪ್ರೊಜೆಕ್ಟರಿನ ಚಿತ್ರ 6 ಅಡಿ ಅಗಲ ಬಂದರೆ 20 ಅಡಿಯವರೆಗೂ ಓದಬಹುದು, ಆದರೆ ಕಿಟಕಿ ಮುಚ್ಚಬೇಕು. ಮುಚ್ಚಿದ ಮೇಲೆ ನೋಟ್ಸ್ ಬರೆಯುವುದಕ್ಕೆ ಬೆಳಕಿಲ್ಲ, ಹಾಗಾಗಿ ಪರದೆಯ ಹತ್ತಿರದ ಕಿಟಕಿ ಮಾತ್ರ ಮುಚ್ಚಿ.

ಟಿವಿಯ ಸ್ಪೀಕರ್ ಬಹುತೇಕ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ, ಫ್ಯಾನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಸಣ್ಣ ಸ್ಪೀಕರನ್ನು ಕ್ಲಾಸಿನ ಮಧ್ಯದಲ್ಲಿಡಿ, ಆದಷ್ಟೂ ವೈರಿನಲ್ಲಿ. ಬ್ಲೂಟೂತಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುವುದುಂಟು.

ನೆಟ್ ನಂಬಿ ಕ್ಲಾಸಿಗೆ ಹೋಗಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಸಿಗುವ ವಿಡಿಯೊಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಯೂಟ್ಯೂಬ್ ಆ್ಯಪಿನಲ್ಲಿ ಡೌನ್‌ಲೋಡ್ ಗುಂಡಿ ಇದ್ದರೆ ಅದನ್ನೇ ಬಳಸಿ; ಬೇರೆ ಸೈಟಿನಿಂದ ಕದ್ದಿಳಿಸುವುದು ಅವರ ನಿಯಮಕ್ಕೆ ವಿರುದ್ಧ. ನೀವೇ ಮಾಡಿದ ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿದಾಗ ಸದ್ದು ಬಂದು ಚಿತ್ರ ಬರದಿದ್ದರೆ ಟಿವಿ ಕೆಟ್ಟಿದೆ ಎಂದುಕೊಳ್ಳಬೇಡಿ. ಹೊಸ ಮೊಬೈಲುಗಳಲ್ಲಿ ಹಲವು ಎಚ್‌.265 ಎಂಬ ವಿಡಿಯೊ ಮಾದರಿಯಲ್ಲಿ ಚಿತ್ರೀಕರಿಸುತ್ತವೆ, ಹಳೇ ಟಿವಿಗೆ ಅದು ಅರ್ಥವಾಗದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಹಳೇ ಮಾದರಿಯಾದ ಎಚ್‌.264 ಆರಿಸಿ.

ಮೊಬೈಲಿನಿಂದ ತೋರಿಸುವಾಗ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಮನೆಯ ವಾಟ್ಸ್ಯಾಪ್ ಮೆಸೇಜು ಇಡೀ ಕ್ಲಾಸಿಗೆ ಪಾಠವಾಗುವುದು ಬೇಡ. ಒಂದು ಮುಗಿದೊಡನೆ ಇನ್ನೊಂದು ವಿಡಿಯೊ ತಾನಾಗಿ ಓಡದಂತೆ ಆಟೊಪ್ಲೇ ಆಫ್ ಮಾಡಿ. ಲ್ಯಾಂಪ್ ಪ್ರೊಜೆಕ್ಟರ್ ಓಡುತ್ತಿರುವಾಗ ಕರೆಂಟು ಹೋದರೆ, ಬಂದ ತಕ್ಷಣ ಹಚ್ಚಬೇಡಿ, ಲ್ಯಾಂಪ್ ತಣಿಯಲಿ. ಅಷ್ಟರಲ್ಲಿ ಪೈಪು, ಟರ್ಬೈನು, ತಂತಿಯ ಚಿತ್ರವನ್ನು ಬೋರ್ಡಿನ ಮೇಲೆ ಮಕ್ಕಳಿಂದಲೇ ಬರೆಸಿ.

ಗ್ರೂಪಿಗೆ ಲಿಂಕ್ ಹಾಕಿ ‘ನೋಡಿಕೊಂಡು ಬನ್ನಿ’ ಅನ್ನುವ ಮುಂಚೆ, ಸ್ಮಾರ್ಟ್‌ಫೋನು ಯಾರ ಮನೆಯಲ್ಲಿದೆ ಕೇಳಿ. ಅಪ್ಪ ಗದ್ದೆಯಿಂದ ಬರುವತನಕ ಫೋನು ಮನೆಗೆ ಬಾರದ ಮಕ್ಕಳು ಇರುತ್ತಾರೆ; ಅವರಿಗೆ ಮಾರನೇ ದಿನ ಊಟದ ವಿರಾಮದಲ್ಲಿ ಅದೇ 6 ನಿಮಿಷ ತೋರಿಸಿ.