230 ಗ್ರಾಂ ಲೆನ್ಸಿನಲ್ಲಿ ಮದುವೆ ಪೋರ್ಟ್ರೇಟ್: ನನ್ನ ಅನುಭವ

‘ಅಷ್ಟು ಸಣ್ಣ ಲೆನ್ಸಲ್ಲಿ ಬ್ಲರ್ ಎಲ್ಲಿಂದ ಬರುತ್ತೆ ಗುರು?’ ಅಂತ ನಕ್ಕವರೇ ಈಗ ಆಲ್ಬಮ್ ತಿರುವಿ ಹಾಕಿ ‘ಇದು ಯಾವ 85, ಜಿ ಮಾಸ್ಟರಾ?’ ಅಂತ ಕೇಳುತ್ತಿದ್ದಾರೆ. 85 ಎಂಎಂ ಅಲ್ಲ, ಸೋನಿಯ ದುಬಾರಿ ಜಿ ಮಾಸ್ಟರ್ ಸಾಲಿನದೂ ಅಲ್ಲ. ಸಮ್ಯಾಂಗ್ ಎಎಫ್ 75 ಎಂಎಂ ಎಫ್ 1.8. ಬಾಡಿ ಸೋನಿ ಎ7 ಮಾರ್ಕ್ 3. ಮುಹೂರ್ತ, ರಿಸೆಪ್ಷನ್, ಪ್ರೀ-ವೆಡ್ಡಿಂಗ್ ಎಲ್ಲಕ್ಕೂ ಪೋರ್ಟ್ರೇಟ್ ಲೆನ್ಸ್ ಅಂತ ಇರುವುದು ಇದೊಂದೇ.

ತೂಕದ ಲೆಕ್ಕ ಹೀಗಿದೆ. ಡಿಎಸ್‌ಎಲ್‌ಆರ್ ಕಾಲದ ಸಿಗ್ಮಾ 85 ಆರ್ಟ್ ಎಫ್ 1.4 ಒಂದೇ 1130 ಗ್ರಾಂ. ಅದನ್ನು ಈ ಬಾಡಿಗೆ ಕೂರಿಸುವ ಅಡಾಪ್ಟರ್ ನೂರಿಪ್ಪತ್ತು ಚಿಲ್ಲರೆ, ಬಾಡಿ 650. ಒಟ್ಟು 1.9 ಕೆ.ಜಿ., ಅದರಲ್ಲೂ ಭಾರವೆಲ್ಲ ಮುಂದಕ್ಕೆ. ಧಾರೆ ಮುಗಿಯುವಷ್ಟರಲ್ಲಿ ಎಡಗೈ ಮಣಿಕಟ್ಟು ಕೈಕೊಡುತ್ತದೆ, ಆಮೇಲೆ ತೆಗೆದ ಫ್ರೇಮುಗಳು ಒಂದಿಷ್ಟು ಅಲುಗಿರುತ್ತವೆ. ಈಗ ಬಾಡಿ, ಲೆನ್ಸ್ ಸೇರಿ 880 ಗ್ರಾಂ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಸಣ್ಣ ಸಾಫ್ಟ್‌ಬಾಕ್ಸ್ ಹಾಕಿದ ಫ್ಲ್ಯಾಶ್ ಹಿಡಿದು ಒಬ್ಬನೇ ಕೆಲಸ ಮುಗಿಸಬಹುದು. ಲೈಟ್ ಹಿಡಿಯುವ ಹುಡುಗನ ದಿನಗೂಲಿ ಉಳಿಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹಗುರ ಬೇಕು ಅಂದ ತಕ್ಷಣ ಎಲ್ಲರೂ ಎಫ್ ನಂಬರ್ ಹಿಡಿದುಕೊಂಡು ಕೂರುತ್ತಾರೆ. ನಾನು ನೋಡುವುದು ಬೆಳಕು ಒಳಬರುವ ತೂತಿನ (ಅಪರ್ಚರ್) ಅಗಲ. ಫೋಕಲ್ ಲೆಂಗ್ತನ್ನು (ಲೆನ್ಸಿನ ಹೆಸರಲ್ಲಿರುವ ಎಂಎಂ ಸಂಖ್ಯೆ) ಎಫ್ ನಂಬರಿನಿಂದ ಭಾಗಿಸಿ: 85 ಎಫ್ 1.4 ಅಂದರೆ 61 ಎಂಎಂ, 85 ಎಫ್ 1.8 ಅಂದರೆ 47, 75 ಎಫ್ 1.8 ಅಂದರೆ 42, 90 ಎಫ್ 2.8 ಅಂದರೆ 32, 55 ಎಫ್ 1.8 ಅಂದರೆ 31. ಬಹುದೂರದ ದೀಪ ಒಂದು ಬ್ಲರ್ ಆಗಿ ಬಿಲ್ಲೆಯಾಗುತ್ತದಲ್ಲ, ಅದು ಫೋಟೋದಲ್ಲಿ ಮುಖದ ಪಕ್ಕ ಸರಿಸುಮಾರು ಇಷ್ಟೇ ಅಗಲ ಕಾಣುತ್ತದೆ. ಮುಖ 15 ಸೆಂ.ಮೀ. ಅಗಲ ಅಂದುಕೊಂಡರೆ 75ರ ಬಿಲ್ಲೆ ಅದರ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದು. ಸೆನ್ಸರ್ ಫುಲ್ ಫ್ರೇಮ್ (ದೊಡ್ಡದು) ಇರಲಿ, ಕ್ರಾಪ್ (ಸಣ್ಣದು) ಇರಲಿ, ಫ್ರೇಮಿಂಗ್ ಒಂದೇ ಇದ್ದರೆ ಈ ಲೆಕ್ಕ ಬದಲಾಗುವುದಿಲ್ಲ. ಲೆನ್ಸ್ ಕೊಳ್ಳುವ ಮೊದಲು ಇದೊಂದು ಭಾಗಾಕಾರ ಮಾಡಿದರೆ ಅರ್ಧ ರಿವ್ಯೂ ನೋಡುವುದು ತಪ್ಪುತ್ತದೆ.

42ಕ್ಕೂ 61ಕ್ಕೂ ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕಾಣಬೇಕಾದರೆ ಹಿಂದೆ ಜಾಗ ಬೇಕು. ಛತ್ರದ ಮಂಟಪದಲ್ಲಿ ಹೂವಿನ ಅಲಂಕಾರ ಗಂಡು ಹೆಣ್ಣಿನ ಬೆನ್ನಿಗೆ ಹೆಚ್ಚೆಂದರೆ ನಾಲ್ಕಡಿ ದೂರ. ಅರ್ಧ ದೇಹದ ಫ್ರೇಮಿನಲ್ಲಿ ಲೆಕ್ಕ ಹಾಕಿದರೆ 85 ಎಫ್ 1.4ರ ಬಿಲ್ಲೆ 23 ಎಂಎಂ ಆಸುಪಾಸು, 75 ಎಫ್ 1.8ರದು 17. ಆಲ್ಬಮಿನಲ್ಲಿ ಯಾರೂ ಗುರುತಿಸುವುದಿಲ್ಲ. ಹೊರಾಂಗಣದಲ್ಲಿ ಗುರುತಿಸಬಹುದು, ಆದರೆ ಅಲ್ಲಿ ಮದ್ದು ಬಿಟ್ಟಿ: 85 ಎಫ್ 1.4ರಲ್ಲಿ ಹಿಂದಿನ ಪೊದೆ ಎರಡು ಮೀಟರ್ ದೂರ ಇದ್ದಾಗ ಬರುವ ಬ್ಲರ್ 75ರಲ್ಲಿ ಬರಬೇಕಾದರೆ ಜೋಡಿಯನ್ನು ಪೊದೆಯಿಂದ ನಾಲ್ಕೂವರೆ ಮೀಟರ್ ಮುಂದಕ್ಕೆ ನಿಲ್ಲಿಸಿ. ಎಂಟು ಹೆಜ್ಜೆ ನಡೆಸಿದರೆ 900 ಗ್ರಾಂ ಇಳಿಯಿತು.

ಇಲ್ಲಿಗೆ ಬರುವ ಮೊದಲು ಬೇರೆ ಲೆನ್ಸುಗಳಿಗೂ ದುಡ್ಡು ಸುರಿದಾಗಿದೆ. ಸೋನಿ 55 ಎಫ್ 1.8 (281 ಗ್ರಾಂ) ಎಷ್ಟು ಶಾರ್ಪ್ ಅಂತ ಎಲ್ಲರಿಗೂ ಗೊತ್ತು. ಕ್ಲೋಸಪ್ಪಿಗೆ ಆಗಲಿಲ್ಲ. ಉದ್ದ ಫ್ರೇಮಿನಲ್ಲಿ ತಲೆ, ಭುಜ ತುಂಬಬೇಕಾದರೆ ಎಪ್ಪತ್ತು ಸೆಂ.ಮೀ.ಗೆ ಹೋಗಬೇಕು, ಆ ದೂರದಲ್ಲಿ ಮೂಗು ಊದಿಕೊಳ್ಳುತ್ತದೆ, ಮೂಗುತಿ ಇದ್ದರಂತೂ ಕಣ್ಣಿಗಿಂತ ಮೊದಲು ಅದೇ ಕಾಣುತ್ತದೆ. 75ರಲ್ಲಿ ಅದೇ ಫ್ರೇಮಿಗೆ 95 ಸೆಂ.ಮೀ., 85ರಲ್ಲಿ ಒಂದು ಮೀಟರ್ ಮೇಲೆ. ಸೆನ್ಸರಿನ ನಡುಭಾಗ ಮಾತ್ರ ಬಳಸುವ ಕ್ರಾಪ್ ಮೋಡ್ ಹಾಕಿ 55ನ್ನೇ 82ರ ಹಾಗೆ ಬಳಸಿದೆ. ಮುಖ ಸರಿಹೋಯಿತು, ಆದರೆ ತೂತು 31 ಎಂಎಂ ಇದ್ದದ್ದು 31ರಲ್ಲೇ ಉಳಿಯಿತು, ಫೈಲ್ 24 ಮೆಗಾಪಿಕ್ಸೆಲ್ಲಿನಿಂದ 10ಕ್ಕೆ ಇಳಿಯಿತು. 12×36 ಆಲ್ಬಮಿನ ಅರ್ಧ ಪುಟಕ್ಕೆ 10 ಸಾಕು, ಪೂರ್ತಿ ಹರಡಿದರೆ ಸಾಲದು.

ಸಿಗ್ಮಾ 90 ಎಫ್ 2.8 ಡಿಜಿ ಡಿಎನ್ 295 ಗ್ರಾಂ, ಲೋಹದ ಬಾಡಿ, ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಹಗಲು ಕೆಲಸಕ್ಕೆ ಇವತ್ತಿಗೂ ಯಾರಾದರೂ ಕೇಳಿದರೆ ತಗೊಳ್ಳಿ ಅನ್ನುತ್ತೇನೆ. ರಾತ್ರಿ ರಿಸೆಪ್ಷನ್ನಿನಲ್ಲಿ ಮಾತ್ರ 1.8ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 3200 ಇದ್ದ ಜಾಗಕ್ಕೆ 2.8ರಲ್ಲಿ 8000 ಬೇಕಾಗುತ್ತದೆ. ಅರಿಶಿನ ಹಚ್ಚಿದ ಮುಖದ ಮೇಲೆ ಆಗ ಬರುವ ನಾಯ್ಸ್ (ಕಾಳುಕಾಳು) ತೆಗೆಯಲು ಹೋದರೆ ಚರ್ಮ ಮೇಣವಾಗುತ್ತದೆ.

ಸೋನಿಯದೇ 85 ಎಫ್ 1.8 (371 ಗ್ರಾಂ) ಯಾಕೆ ಬೇಡ ಅಂತ ಕೇಳುವವರು ಇದ್ದೇ ಇದ್ದಾರೆ. ಬೇಡ ಅಂತಲ್ಲ. ನನಗೆ ಅಡ್ಡಿಯಾದದ್ದು ಕೋಣೆ. ಹೆಣ್ಣಿನ ಅಲಂಕಾರ ನಡೆಯುವುದು ಹತ್ತು ಹನ್ನೆರಡಡಿ ಕೋಣೆಯಲ್ಲಿ. ಬೀರು, ಮಂಚ, ಸೂಟ್‌ಕೇಸು, ಚಿಕ್ಕಮ್ಮಂದಿರು ಎಲ್ಲ ಕಳೆದು ಉಳಿಯುವುದು ಎರಡೂವರೆ ಮೀಟರ್. 85ರಲ್ಲಿ ಅಷ್ಟು ದೂರದಿಂದ ಒಂದು ಮೀಟರ್ ಎತ್ತರ ಸಿಗುತ್ತದೆ, ಸೀರೆ ನೆರಿಗೆ ತೊಡೆಯ ಹತ್ತಿರ ಕಟ್. 75ರಲ್ಲಿ 1.2 ಮೀಟರ್, ಮೊಣಕಾಲಿನವರೆಗೆ ಬರುತ್ತದೆ. ಕುಳಿತ ಮದುಮಗಳು ಪೂರ್ತಿ ಸಿಗುವುದು ಇಲ್ಲೇ. ತಲೆಯಿಂದ ಪಾದದವರೆಗೆ ಬೇಕಾದರೆ 75ಕ್ಕೂ ನಾಲ್ಕು ಮೀಟರ್ ಬೇಕು, ಅದಕ್ಕೆ ವರಾಂಡಕ್ಕೆ ಕರೆದುಕೊಂಡು ಹೋಗಿ.

ಹಳೇ ಗಾಜಿನ ಹುಚ್ಚೂ ಒಂದಷ್ಟು ದಿನ ಇತ್ತು. ಹೀಲಿಯೋಸ್ 44-2ರ ಸುಳಿಯಂಥ ಬೊಕೆ (ಹಿನ್ನೆಲೆಯ ಬ್ಲರ್) ಬೇವಿನ ಎಲೆ ಹಿಂದೆ ಇದ್ದರೆ ಅದ್ಭುತ, ಸಾದಾ ಗೋಡೆ ಇದ್ದರೆ ಏನೂ ಇಲ್ಲ. ಫೋಕಸ್ ಆದ ಅಂಚಿಗೆ ಬಣ್ಣ ತೋರಿಸುವ ಪೀಕಿಂಗ್ ನಂಬಿ ಫೋಕಸ್ ಮಾಡಿದರೆ ರೆಪ್ಪೆ ಬದಲು ಹುಬ್ಬು ಶಾರ್ಪ್ ಆಗುತ್ತದೆ, ಜೂಮ್ ಮಾಡಿ ನೋಡಿಯೇ ಒತ್ತಬೇಕು. ನಿಕ್ಕಾರ್ 105 ಎಫ್ 2.5 ಇನ್ನೂ ಒಳ್ಳೆಯದು. ಸ್ಟೀವ್ ಮೆಕರಿ 1984ರಲ್ಲಿ ಹಸಿರು ಕಣ್ಣಿನ ಆಫ್ಘನ್ ಹುಡುಗಿಯನ್ನು ತೆಗೆದದ್ದು ಆ ಲೆನ್ಸಿನಲ್ಲೇ. ಆದರೆ 435 ಗ್ರಾಂ, ಮೇಲೆ ಅಡಾಪ್ಟರ್. ಮಿರರ್‌ಲೆಸ್ಸಿಗೆ ಹಳೇ ಲೆನ್ಸ್ ಹಗುರ ಅನ್ನುವವರು ಅಡಾಪ್ಟರನ್ನು ತಕ್ಕಡಿಗೆ ಹಾಕಿರುವುದಿಲ್ಲ. ಕ್ಯಾನನ್ ಇಎಫ್ 85 ಎಫ್ 1.8 ಹೇಳಲು 425, ಅಡಾಪ್ಟರ್ ಸೇರಿ ಅರ್ಧ ಕೆ.ಜಿ. ದಾಟುತ್ತದೆ. ನಿಕಾನ್ ಎಎಫ್-ಡಿ ಲೆನ್ಸಿನೊಳಗೆ ಮೋಟರೇ ಇಲ್ಲ, ನಿಕಾನಿನವರದೇ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೂ ಕೈಯಲ್ಲೇ ತಿರುಗಿಸಬೇಕು.

ಈಗ 75ರ ತೊಂದರೆಗಳು. ಎಫ್ 1.8ರಲ್ಲಿ ಬಿಳಿ ಪಂಚೆಯ ಅಂಚು, ಜರಿ, ಬಾಸಿಂಗದ ಮಣಿ ಇವುಗಳ ಸುತ್ತ ಬಣ್ಣದ ಗೆರೆ ಬರುತ್ತದೆ, ಫೋಕಸ್ಸಿಗೆ ಮುಂದೆ ನೇರಳೆ, ಹಿಂದೆ ಹಸಿರು. ಈ ದರ್ಜೆಯ ಹಗುರ ಲೆನ್ಸುಗಳಲ್ಲಿ ಇದು ಇದ್ದದ್ದೇ. ಎಡಿಟಿಂಗಿನಲ್ಲಿ ಆ ಗೆರೆ ಅಳಿಸುವ ಡಿಫ್ರಿಂಜ್ ಇದೆಯಲ್ಲ ಅಂತ ಇಡೀ ಫೋಟೋಗೆ ಎಳೆದರೆ ನೇರಳೆ ರೇಷ್ಮೆ ಸೀರೆಯ ಅಂಚೂ ಬೂದಿ ಬಣ್ಣಕ್ಕೆ ತಿರುಗುತ್ತದೆ, ಹುಡುಗಿ ಮನೆಯವರು ಅದನ್ನು ಮೊದಲು ಹಿಡಿಯುತ್ತಾರೆ. ಬ್ರಷ್‌ನಲ್ಲಿ ಜರಿ ಇರುವ ಕಡೆ ಮಾತ್ರ ಹಚ್ಚಿ. ಇಲ್ಲವೇ ತೆಗೆಯುವಾಗಲೇ ತೂತನ್ನು ಎಫ್ 2.5ಕ್ಕೆ ಇಳಿಸಿ, ಮುಕ್ಕಾಲು ಪಾಲು ಹೋಗುತ್ತದೆ. ಕ್ಲೋಸಪ್ಪಿನಲ್ಲಿ ಹೇಗೂ ಇಳಿಸಲೇಬೇಕು: 95 ಸೆಂ.ಮೀ. ದೂರಕ್ಕೆ 1.8ರಲ್ಲಿ ಫೋಕಸ್ಸಿನ ಆಳ ಒಂದೂಮುಕ್ಕಾಲು ಸೆಂ.ಮೀ. ಅಷ್ಟೇ, ಮುಖ ಸ್ವಲ್ಪ ತಿರುಗಿದ್ದರೆ ಆಚೆ ಕಣ್ಣು ಹೋಯಿತು. ಜೋಡಿಗೆ ಎರಡು ಮೀಟರಿನಿಂದ ಎಫ್ 4 ಇಟ್ಟರೆ 17 ಸೆಂ.ಮೀ. ಸಿಗುತ್ತದೆ. ಮಂಟಪದ ಎಲ್‌ಇಡಿ ಗೋಡೆಯ ಮುಂದೆ ಚರ್ಮದ ಬಣ್ಣ ಉಳಿಸಿಕೊಳ್ಳಲು ನಾನು ಮಾಡುವ ಒಂದು ಸೆಟ್ಟಿಂಗ್ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ಬಿಸಿಲಿನಲ್ಲಿ ಪ್ರೀ-ವೆಡ್ಡಿಂಗ್ ಮಾಡುವವರಿಗೆ ಇನ್ನೊಂದು. ಐಎಸ್‌ಒ 100, ಎಫ್ 1.8, ನೆತ್ತಿ ಮೇಲೆ ಸೂರ್ಯ ಅಂದರೆ ಶಟರ್ 1/8000ದ ಹತ್ತಿರ ಹೋಗುತ್ತದೆ. ಅಷ್ಟು ವೇಗದಲ್ಲಿ ಇ-ಫ್ರಂಟ್ ಕರ್ಟನ್ ಶಟರ್ (ಮೊದಲ ಪರದೆ ಎಲೆಕ್ಟ್ರಾನಿಕ್, ಎರಡನೆಯದು ಮೆಕ್ಯಾನಿಕಲ್) ಆನ್ ಇದ್ದರೆ ಬೊಕೆ ಬಿಲ್ಲೆ ಒಂದು ಬದಿ ಕತ್ತರಿಸಿದ ಹಾಗೆ ಬರುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟವರೂ ಉಂಟು. 1/1000 ದಾಟಿದರೆ ಮೆನುವಿನಲ್ಲಿ ಆಫ್ ಮಾಡಿ. ಸೋನಿ ಎ7ಸಿಯಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರೇ ಇಲ್ಲ, ಮಿತಿಯೂ 1/4000, ಹಾಗಾಗಿ ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸುವ ಎನ್‌ಡಿ 8 ಫಿಲ್ಟರ್ ಬೇಕೇ ಬೇಕು. ಈ ಲೆನ್ಸಿಗೆ ಕೂರುವ 58 ಎಂಎಂ ಫಿಲ್ಟರ್ 77ಕ್ಕೆ ಹೋಲಿಸಿದರೆ ಸುಮಾರು ಅರ್ಧ ಬೆಲೆ. ಸಮ್ಯಾಂಗ್‌ನದೇ 35 ಎಫ್ 1.8ಕ್ಕೂ 58 ಎಂಎಂ ಕೂರುತ್ತದೆ, ತೂಕವೂ 210 ಗ್ರಾಂ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಮೇಲೆ ಎರಡನ್ನೂ ಅದಲುಬದಲು ಮಾಡಿದರೆ ಬ್ಯಾಲೆನ್ಸ್ ಮುಟ್ಟಬೇಕಾಗಿಲ್ಲ, ವಿಡಿಯೋ ಹುಡುಗರಿಗೆ ಇದೇ ದೊಡ್ಡ ಖುಷಿ.

75 ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, 69 ಸೆಂ.ಮೀ. ಮಿತಿ. ತಾಳಿ, ಕಾಲುಂಗುರ, ಮೆಹಂದಿಗೆ ಸಾಲದು. ಬಾಡಿಗೂ ಲೆನ್ಸಿಗೂ ನಡುವೆ ಕಾಂಟ್ಯಾಕ್ಟ್ ಇರುವ 10 ಎಂಎಂ ಎಕ್ಸ್‌ಟೆನ್ಶನ್ ಟ್ಯೂಬ್ (ಗಾಜಿಲ್ಲದ ಪೊಳ್ಳು ಬಳೆ) ಹಾಕಿದೆ, ಎರಡು ಸಾವಿರದ ಆಸುಪಾಸು. ಆಟೋಫೋಕಸ್ ಉಳಿಯುತ್ತದೆ, ಉಂಗುರ ಎರಡರಷ್ಟು ದೊಡ್ಡದಾಗಿ ಬರುತ್ತದೆ. ಪ್ಲಾಸ್ಟಿಕ್ ಮೌಂಟಿನ ಅಗ್ಗದ ಟ್ಯೂಬ್ ಬೇಡ, ಸ್ವಲ್ಪ ಅಲ್ಲಾಡಿದರೂ ಕಾಂಟ್ಯಾಕ್ಟ್ ತಪ್ಪಿ ಅಪರ್ಚರ್ ತೋರಿಸುವುದು ನಿಲ್ಲುತ್ತದೆ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಇಷ್ಟು ನೋಡಿ. ಮೊಬೈಲಿನ ಟಾರ್ಚಿಗೆ ಸೂಜಿ ಚುಚ್ಚಿದ ಕಪ್ಪು ಕಾಗದ ಅಂಟಿಸಿ ಏಳೆಂಟು ಅಡಿ ದೂರ ಇಡಿ, ಮ್ಯಾನ್ಯುಯಲ್ ಫೋಕಸ್ಸಿನಲ್ಲಿ ಸ್ವಲ್ಪ ತಪ್ಪಿಸಿ. ನಡುವೆ ಬಿಲ್ಲೆ ದುಂಡಗಿರಬೇಕು, ನಾಲ್ಕು ಮೂಲೆಗೆ ಒಯ್ದಾಗ ಬೆಕ್ಕಿನ ಕಣ್ಣಿನ ಆಕಾರ ನಾಲ್ಕರಲ್ಲೂ ಒಂದೇ ಥರ ಇರಬೇಕು. ಒಂದು ಮೂಲೆ ಬೇರೆ ಥರ ಕಂಡರೆ ಒಳಗಿನ ಗಾಜು ಸರಿದಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ನೋಡಿ. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸಾದರೆ ಎರಡು ಸಲ. ಈ ಲೆನ್ಸಿನ ಫರ್ಮ್‌ವೇರ್ ಅಪ್‌ಡೇಟಿಗೆ ಲೆನ್ಸ್ ಸ್ಟೇಷನ್ ಅನ್ನುವ ಪ್ರತ್ಯೇಕ ಡಾಕ್ ಬೇಕು, ಹೊಸ ಬಾಡಿ ಹಾಕುವವರು ಅದರ ಖರ್ಚನ್ನೂ ಸೇರಿಸಿಕೊಳ್ಳಿ.

ಕ್ರಾಪ್ ಬಾಡಿಯವರು 75ರ ಹಿಂದೆ ಬೀಳಬೇಡಿ, ಕೋಣೆಯಲ್ಲಿ ಕಷ್ಟ. ಸಿಗ್ಮಾ 56 ಎಫ್ 1.4 ಇದೆ, 280 ಗ್ರಾಂ, ತೂತು 40 ಎಂಎಂ, ಸೋನಿ ಎ6400 ಬಾಡಿ ಜೊತೆ ಸೇರಿ 700 ಗ್ರಾಂ ಒಳಗೆ. ನನ್ನ ಸೆಟ್ಟಿಗೂ ಅದಕ್ಕೂ ಬ್ಲರ್ ಸರಿಸಮ. ಒಲಿಂಪಸ್ 45 ಎಫ್ 1.8 ಬರೀ 116 ಗ್ರಾಂ, ಆದರೆ ತೂತು 25. ಫ್ಯೂಜಿ 50 ಎಫ್ 2 ಕೂಡ 25, 200 ಗ್ರಾಂ. ಪ್ರವಾಸಕ್ಕೆ ಚೆನ್ನ, ಆರ್ಡರಿಗೆ ನಾನು ಒಯ್ಯುವುದಿಲ್ಲ.

ದುಡ್ಡಿನ ಮಾತು: ಹಳೇ ಭಾರದ 85 ಮಾರಿದಾಗ ನಲವತ್ತು ಸಾವಿರದ ಮೇಲೆ ಬಂತು, 75 ಸೆಕೆಂಡ್ಸಿನಲ್ಲಿ ಇಪ್ಪತ್ತೈದರ ಸುತ್ತಮುತ್ತ ಬಿತ್ತು. ಉಳಿದದ್ದರಲ್ಲಿ ಎನ್‌ಡಿ ಫಿಲ್ಟರ್, ಟ್ಯೂಬ್, ಒಂದು ಹೆಚ್ಚುವರಿ ಬ್ಯಾಟರಿ ಆಯಿತು. ‘ಲೆನ್ಸ್ ಇಷ್ಟೇನಾ?’ ಅಂತ ಮದುವೆ ಮನೆಯ ಯಜಮಾನರು ಮುಖ ನೋಡುವುದುಂಟು. ಹುಡ್ ಹಾಕಿಕೊಂಡೇ ಒಳಗೆ ಹೋಗಿ, ರೇಟು ಮಾತ್ರ ಇಳಿಸಬೇಡಿ.